ಶೆಟ್‌ಲ್ಯಾಂಡಿನಲ್ಲಿ ನನ್ನ ಸ್ವೆಟರಿಗೆ ಕತ್ತರಿ ಬಿತ್ತು

ಅಬರ್ಡೀನ್ ಬಂದರಿನಿಂದ ಸಂಜೆ ಏಳಕ್ಕೆ ಹಡಗು ಹೊರಟಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಚಕ್ಕುಲಿ ಮತ್ತು ಒಂದು ಸ್ವೆಟರ್ ಇತ್ತು. ಮೈ, ಎರಡು ತೋಳು, ಕುತ್ತಿಗೆಯ ಸುತ್ತಿನ ಡಿಸೈನ್ ಎಲ್ಲ ಹೆಣೆದು ಮುಗಿದಿತ್ತು. ಆದರೂ ಅದನ್ನು ಹಾಕಿಕೊಳ್ಳೋ ಹಾಗಿರಲಿಲ್ಲ. ಮುಂದೆ ಗುಂಡಿ ಬರಬೇಕಾದ ಸ್ವೆಟರ್, ದಿಂಬಿನ ಕವರಿನ ಹಾಗೆ ಸುತ್ತಲೂ ಮುಚ್ಚಿಕೊಂಡಿತ್ತು. ಅದನ್ನು ನಡುಮಧ್ಯೆ ಕತ್ತರಿಯಿಂದ ಕತ್ತರಿಸಬೇಕಿತ್ತು. ಒಂದು ತಿಂಗಳಿಂದ ಧೈರ್ಯ ಬಂದಿರಲಿಲ್ಲ.

ಸ್ವೆಟರ್ ಅಮ್ಮನಿಗೆ. ನಾನು ಕಂಡ ಹಾಗೆ ಅಮ್ಮ ಊರಲ್ಲಿ ಎಲ್ಲರಿಗೂ ಸ್ವೆಟರ್ ಹಾಕಿಕೊಟ್ಟವಳು. ತನಗೆ ಅಂತ ಒಂದೂ ಹಾಕಿಕೊಂಡವಳಲ್ಲ. ಸಕಲೇಶಪುರದ ಮಳೆಗಾಲದಲ್ಲೂ ಒಂದು ಹಳೇ ಶಾಲು ಹೊದ್ದೇ ಓಡಾಡ್ತಿದ್ದಳು.

ನಾನು ಎರಡು ವರ್ಷದಿಂದ ಎಡಿನ್‌ಬರೋದಲ್ಲಿ ಪ್ರಾಜೆಕ್ಟ್ ಮೇಲೆ ಇದ್ದೀನಿ. ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗೋದು ನೋಡಿ ಮನಸ್ಸು ಮಂಕಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿದರೆ ಫೋನು, ಫೋನು ಬಿಟ್ಟರೆ ಟಿವಿ. ಕಣ್ಣಿಗೆ ಬಿಡುವೇ ಇಲ್ಲ. ಹತ್ತಿರದ ಲೈಬ್ರರಿಯಲ್ಲಿ ಪ್ರತಿ ಗುರುವಾರ ಹೆಣಿಗೆಯವರು ಸೇರುತ್ತಾರೆ ಅನ್ನೋ ಚೀಟಿ ಕಂಡಿತು. ಹೋದೆ. ಹನ್ನೆರಡು ಹೆಂಗಸರು, ಒಬ್ಬ ನಿವೃತ್ತ ಅಂಚೆಯವರು, ನಾನು. ಅಮ್ಮನ ಕೈ ನೋಡಿ ಬೆಳೆದಿದ್ದಕ್ಕೋ ಏನೋ, ಕಡ್ಡಿ ಹಿಡಿದ ಕೂಡಲೇ ಬೆರಳಿಗೆ ಅರ್ಧ ಗೊತ್ತಿತ್ತು.

ಬಣ್ಣ ಹಾಕೋ ಹುಚ್ಚು ಆಮೇಲೆ ಹತ್ತಿದ್ದು. ಶೆಟ್‌ಲ್ಯಾಂಡ್ ಕುರಿಯ ಬಿಳಿ ಉಲ್ಲನ್ ಲಡಿಗಳನ್ನು ತಂದು ನಾನೇ ಬಣ್ಣ ಹಾಕೋಣ ಅಂತ ಶುರು ಮಾಡಿದೆ. ಲೀತ್ ವಾಕ್‌ನ ಇಂಡಿಯನ್ ಅಂಗಡಿಯಲ್ಲಿ ಈರುಳ್ಳಿ ಮೂಟೆಯ ತಳದಲ್ಲಿ ಉಳಿದ ಸಿಪ್ಪೆ ಕೇಳಿದಾಗ ಅಂಗಡಿಯವರು ಒಂದು ಕ್ಷಣ ನನ್ನ ಮುಖ ನೋಡಿ, ಏನೂ ಕೇಳದೆ ಚೀಲ ತುಂಬಿ ಕೊಟ್ಟರು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಮೊದಲು ಪಟಿಕದ ನೀರಿನಲ್ಲಿ ಲಡಿಯನ್ನು ನಿಧಾನ ಕಾಯಿಸಬೇಕು. ಬಣ್ಣ ಉಲ್ಲನ್ನಿಗೆ ಕಚ್ಚಿಕೊಳ್ಳೋದು ಪಟಿಕದಿಂದ. ಆಮೇಲೆ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಇಡಬೇಕು. ಕುದಿಸಿ ತಿರುವಿದರೆ, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಿದರೆ ಉಲ್ಲನ್ ಗಂಟುಗಟ್ಟಿ ಕಂಬಳಿಯಾಗಿಬಿಡುತ್ತೆ. ಈರುಳ್ಳಿ ಸಿಪ್ಪೆ ಕೊಟ್ಟಿದ್ದು ಹೊಳೆಯೋ ಬಂಗಾರದ ಬಣ್ಣ. ಮಂಜಿಷ್ಠದ ಬೇರು ಇಟ್ಟಿಗೆ ಕೆಂಪು ಕೊಟ್ಟಿತು. ಎರಡನೇ ಸಲ ಕಾವು ಜಾಸ್ತಿಯಾಗಿ ಅದೇ ಮಂಜಿಷ್ಠ ಕಂದು ಬಣ್ಣಕ್ಕೆ ತಿರುಗಿತು. ನೀಲಿಯಂತೂ ಮ್ಯಾಜಿಕ್. ನೀಲಿಯ ಪಾತ್ರೆಯಿಂದ ಎತ್ತಿದಾಗ ಲಡಿ ಹಳದಿಹಸಿರು ಇರುತ್ತೆ, ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿಯಾಗುತ್ತೆ. ಬಂಗಾರದ ಲಡಿಯನ್ನು ಅದೇ ನೀಲಿಗೆ ಅದ್ದಿದರೆ ಹಸಿರು.

ವಿಡಿಯೊ ಕಾಲಿನಲ್ಲಿ ಅಮ್ಮ ನೋಡಿ ನಕ್ಕಳು. "ಅಲ್ಲ ಪುಟ್ಟ, ನಿನ್ನ ಇಂಜಿನಿಯರಿಂಗ್ ಓದ್ಸಿದ್ದು ಉಲ್ಲನ್ ಬೇಯ್ಸಕ್ಕಾ?"

ಮರವಿಲ್ಲದ ಊರು

ರಾತ್ರಿಯೆಲ್ಲ ಹಡಗು ಅಲುಗಾಡಿ ಹೊಟ್ಟೆ ತೊಳೆಸಿ, ಬೆಳಿಗ್ಗೆ ಏಳೂವರೆಗೆ ಲೆರ್ವಿಕ್ ಬಂತು. ಸೆಪ್ಟೆಂಬರ್ ಮಧ್ಯ. ಬೂದು ಕಲ್ಲಿನ ಮನೆಗಳು, ಅವುಗಳ ಕಾಲಿಗೇ ಬಡಿಯೋ ಸಮುದ್ರ. ಶೆಟ್‌ಲ್ಯಾಂಡ್ ಅಂದರೆ ಸ್ಕಾಟ್‌ಲ್ಯಾಂಡಿನ ಉತ್ತರದ ತುದಿಯಾಚೆ ಇರೋ ನೂರಕ್ಕೂ ಹೆಚ್ಚು ದ್ವೀಪಗಳ ಗುಂಪು. ಜನ ಇರೋದು ಅದರಲ್ಲಿ ಹದಿನಾರರಲ್ಲಿ. ಒಟ್ಟು ಜನಸಂಖ್ಯೆ ಸುಮಾರು 23 ಸಾವಿರ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು.

ಮಲೆನಾಡಿನವನಿಗೆ ಮೊದಲು ಕಣ್ಣಿಗೆ ಹೊಡೆಯೋದು ಮರಗಳೇ ಇಲ್ಲ ಅನ್ನೋದು. ಗಾಳಿ ಮತ್ತು ಕುರಿ, ಎರಡೂ ಸೇರಿ ಮರ ಏಳಲು ಬಿಡೋದಿಲ್ಲ. ಗುಡ್ಡದ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿ, ಕುರಿಯ ಮೇಲೆ ಗಾಳಿ. ಕುರಿಗಳು ಚಿಕ್ಕವು, ಗಟ್ಟಿಮುಟ್ಟು. ಬಿಳಿ ಮಾತ್ರ ಅಲ್ಲ. ಶೆಟ್‌ಲ್ಯಾಂಡ್ ಕುರಿಗಳಲ್ಲಿ 11 ಮುಖ್ಯ ಬಣ್ಣ, 30 ಬಗೆಯ ಮಚ್ಚೆ ಗುರುತಿಸಿದ್ದಾರೆ. ಒಂದೊಂದಕ್ಕೂ ಇಲ್ಲಿನ ಮಾತಿನಲ್ಲಿ ಹೆಸರಿದೆ. ಕೆಂಪುಗಂದಿಗೆ 'ಮೂರಿಟ್', ಕಡುಬೂದಿಗೆ 'ಶೇಲಾ', ನೀಲಿ ಛಾಯೆಯ ಬೂದಿಗೆ 'ಎಮ್ಸ್‌ಕೆಟ್'. ನಾರ್ತ್ ರೋಡಿನ ಜೇಮಿಸನ್ ಅಂಡ್ ಸ್ಮಿತ್ ಉಲ್ಲನ್ ಮಳಿಗೆಗೆ ಹೋದರೆ ಸುತ್ತಲಿನ ರೈತರಿಂದ ಬಂದ ಉಣ್ಣೆಯ ರಾಶಿಗಳ ವಾಸನೆ ಮೂಗಿಗೆ ಬಡಿಯುತ್ತೆ. ಕಂಬಳಿ ನೇಯೋರ ಮನೆಯ ಪರಿಚಯ ಇದ್ದವರಿಗೆ ಆ ವಾಸನೆ ಗೊತ್ತು.

ಈ ಊರಿನವರು ಮೊದಲು ಬಣ್ಣಕ್ಕೆ ಬಳಸುತ್ತಿದ್ದ ಒಂದು ವಸ್ತುವಿನ ಬಗ್ಗೆ ಓದಿದಾಗ ನಗು ಬಂತು. ಬಂಡೆಯಿಂದ ಕೆರೆದ ಕಲ್ಲುಹೂವು! ನಾವು ಬಿಸಿಬೇಳೆಬಾತ್ ಪುಡಿಗೆ ಹಾಕ್ತೀವಲ್ಲ, ಅದರದೇ ದಾಯಾದಿ. ಇಲ್ಲಿ ಅದಕ್ಕೆ 'ಕೊರ್ಕೆಲಿಟ್' ಅಂತಾರೆ. ಹಳೆಯ ಮೂತ್ರದಲ್ಲಿ ವಾರಗಟ್ಟಲೆ ನೆನೆಹಾಕಿದರೆ ನೇರಳೆಗೆಂಪು ಬಣ್ಣ ಬಿಡುತ್ತೆ. ನೀಲಿ ಮತ್ತು ಮಂಜಿಷ್ಠ ಮಾತ್ರ ಹೊರಗಿನಿಂದ ಬರಬೇಕಿತ್ತು. 19ನೇ ಶತಮಾನದಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ನೀಲಿಯ ದೊಡ್ಡ ಪಾಲು ಹೋಗ್ತಿದ್ದುದು ನಮ್ಮ ದೇಶದಿಂದಲೇ.

ಒಂದು ಸಾಲಿಗೆ ಎರಡೇ ಬಣ್ಣ

ಈ ಬಣ್ಣದ ಹೆಣಿಗೆಗೆ ಫೇರ್ ಐಲ್ ಅಂತ ಹೆಸರು ಬಂದಿದ್ದು ಶೆಟ್‌ಲ್ಯಾಂಡಿನ ದಕ್ಷಿಣಕ್ಕೆ ಒಂಟಿಯಾಗಿ ನಿಂತಿರೋ ಒಂದು ಪುಟ್ಟ ದ್ವೀಪದಿಂದ. ಅಲ್ಲಿ ಈಗ ಇರೋದು ಸುಮಾರು ಐವತ್ತು ಜನ. ನಾನು ಹೋಗಬೇಕಿದ್ದ ದಿನ ಗಾಳಿ ಜೋರಾಗಿ ಪುಟ್ಟ ವಿಮಾನ ರದ್ದಾಯ್ತು. ಸುಮ್ಮನೆ ಕೂರೋದು ಬೇಡ ಅಂತ ಬಸ್ಸು ಹತ್ತಿ ಸಂಬರೋ ತುದಿಗೆ ಹೋದೆ. ಅಲ್ಲಿ ರಸ್ತೆ ವಿಮಾನ ನಿಲ್ದಾಣದ ರನ್‌ವೇಯನ್ನೇ ದಾಟುತ್ತೆ. ವಿಮಾನ ಬಂದರೆ ನಮ್ಮ ರೈಲ್ವೆ ಗೇಟಿನ ಹಾಗೆ ಗೇಟು ಹಾಕ್ತಾರೆ. ದೀಪಸ್ತಂಭದ ಹತ್ತಿರ ನಿಂತಾಗ ಮೋಡ ಸರಿದು, ದೂರ ಸಮುದ್ರದಲ್ಲಿ ಫೇರ್ ಐಲ್ ಒಂದು ಮಸುಕು ಗುಡ್ಡದ ಹಾಗೆ ಐದು ನಿಮಿಷ ಕಂಡಿತು. ಅಷ್ಟೇ ನನ್ನ ಪಾಲಿಗೆ.

ಅಲ್ಲಿನ ಡಿಸೈನ್ ಬಗ್ಗೆ ಒಂದು ಕಥೆ ಎಲ್ಲರೂ ಹೇಳ್ತಾರೆ. 1588ರಲ್ಲಿ ಸ್ಪೇನಿನ ಯುದ್ಧನೌಕಾಪಡೆಯ 'ಎಲ್ ಗ್ರಾನ್ ಗ್ರಿಫೋನ್' ಅನ್ನೋ ಹಡಗು ಆ ದ್ವೀಪಕ್ಕೆ ಬಡಿದು ಒಡೆಯಿತು. ಬದುಕುಳಿದ ನಾವಿಕರು ಕೆಲವು ವಾರ ಅಲ್ಲಿ ಉಳಿದರು. ಅವರೇ ಈ ಡಿಸೈನ್ ಕಲಿಸಿದ್ದು ಅಂತ. ಹಡಗು ಒಡೆದದ್ದು ನಿಜ, ಕಲಿಸಿದ್ದಕ್ಕೆ ಆಧಾರ ಇಲ್ಲ. ಹೆಂಗಸರು ಮನೆಯಲ್ಲೇ ಕೂತು ಇಷ್ಟು ಲೆಕ್ಕಾಚಾರದ ಕೆಲಸ ತಾವೇ ಕಟ್ಟಿಕೊಂಡರು ಅಂದರೆ ಜನ ಬೇಗ ನಂಬೋದಿಲ್ಲ ಅಂತ ಕಾಣುತ್ತೆ.

ಲೆಕ್ಕಾಚಾರ ನಿಜವಾಗಿಯೂ ಇದೆ. ನಮ್ಮ ಕಸೂತಿಯ ಹಾಗೆ ಇದೂ ಎಣಿಸಿ ಮಾಡೋ ಕೆಲಸ. ಸ್ವೆಟರಿನಲ್ಲಿ ಹತ್ತು ಬಣ್ಣ ಇದ್ದರೂ ಒಂದು ಸಾಲಿನಲ್ಲಿ ಎರಡೇ. ಒಂದು ನೂಲು ಹೆಣೆಯುವಾಗ ಇನ್ನೊಂದು ಹಿಂದೆ ಸಡಿಲವಾಗಿ ಹರಿದು ಬರಬೇಕು. ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತೆ, ಸಡಿಲ ಜಾಸ್ತಿಯಾದರೆ ಬೆರಳು ಸಿಕ್ಕಿಕೊಳ್ಳುತ್ತೆ. ಹೀಗೆ ಹಿಂದೆ ಹರಿಯೋ ನೂಲಿನಿಂದಲೇ ಬಟ್ಟೆ ಎರಡು ಪದರವಾಗಿ ಬೆಚ್ಚಗಿರೋದು. ನನ್ನ ಸ್ವೆಟರಿಗೆ ಒಂದು ಸುತ್ತಿಗೆ 288 ಕುಣಿಕೆ. 24 ಕುಣಿಕೆಯ ಡಿಸೈನ್ ಹನ್ನೆರಡು ಸಲ. ಒಂದೇ ಒಂದು ಕುಣಿಕೆ ತಪ್ಪಿದರೆ ಸುತ್ತು ಮುಗಿದಾಗ ಲೆಕ್ಕ ಕೂಡೋದಿಲ್ಲ. ಅಮ್ಮ ನನ್ನ ಹಳೇ ಗ್ರಾಫ್ ಪುಸ್ತಕದಲ್ಲಿ ಚೌಕ ತುಂಬಿ ಡಿಸೈನ್ ಮಾಡ್ತಿದ್ದದ್ದು ಆಗ ನೆನಪಾಗ್ತಿತ್ತು.

1920ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಎಂಟನೇ ಎಡ್ವರ್ಡ್ ಆದವನು, ಗಾಲ್ಫ್ ಆಡೋವಾಗ ಫೇರ್ ಐಲ್ ಸ್ವೆಟರ್ ಹಾಕಿಕೊಂಡ. ಆಮೇಲೆ ಎಲ್ಲರಿಗೂ ಅದೇ ಬೇಕಾಯ್ತು. ಮ್ಯೂಸಿಯಮ್ಮಿನಲ್ಲಿ ಹಳೆಯ ಹೆಣಿಗೆ ನೋಡ್ತಾ ಈ ಯುವರಾಜನ ಕಥೆ ಓದಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಬೆನ್ನ ಮೇಲೆ ಒಲೆಗೆ ಹಾಕೋ ಪೀಟ್ ಮಣ್ಣಿನ ಹೆಂಟೆ ತುಂಬಿದ ಬುಟ್ಟಿ, ಎರಡೂ ಕೈಯಲ್ಲಿ ಕಡ್ಡಿ, ಹೆಂಗಸರು ಗುಡ್ಡ ಇಳಿದು ಬರ್ತಾ ಇರೋ ಹಳೇ ಫೋಟೊ. ನಡೆಯೋವಾಗಲೂ ಹೆಣಿಗೆ ನಿಂತಿಲ್ಲ.

ಚಹಾಪುಡಿ, ಕಾಫಿಪುಡಿ

ನಾನು ಉಳಿದುಕೊಂಡ ಮನೆಯೊಡತಿಗೆ ಎಪ್ಪತ್ತು ದಾಟಿದೆ. ಸೊಂಟಕ್ಕೆ ತೂತುತೂತಿನ ಚರ್ಮದ ಬೆಲ್ಟು ಕಟ್ಟಿ, ಕಡ್ಡಿಯ ಒಂದು ತುದಿಯನ್ನು ಆ ತೂತಿಗೆ ಸಿಕ್ಕಿಸಿ ಹೆಣೆಯುತ್ತಾರೆ. ಕೈ ಓಡೋದು ಕಣ್ಣಿಗೆ ಕಾಣಲ್ಲ. ಆ ಫೋಟೊ ಬಗ್ಗೆ ಹೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಪ್ರವಾಸಿಗಳಿಗೆಲ್ಲ ಆ ಫೋಟೊ ಇಷ್ಟ. ನಮ್ಮಜ್ಜಿ ಕಾಲದಲ್ಲೂ ಅಂಗಡಿಗೆ ಹೆಣಿಗೆ ಕೊಟ್ಟು ಸಾಮಾನು ತರ್ತಿದ್ರು. ದುಡ್ಡು ಕೈಗೆ ಬರ್ತಿರಲಿಲ್ಲ. 1872ರ ರಿಪೋರ್ಟ್ ಓದು, ಗೊತ್ತಾಗುತ್ತೆ."

ಆ ರಾತ್ರಿ ಫೋನಿನಲ್ಲಿ ಹುಡುಕಿದೆ. ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಶೆಟ್‌ಲ್ಯಾಂಡಿನಲ್ಲಿ ಕೂಲಿಯ ಬದಲು ಸಾಮಾನು ಕೊಡೋ ಪದ್ಧತಿಯ ಬಗ್ಗೆ ಸರ್ಕಾರ ನಡೆಸಿದ ವಿಚಾರಣೆ. ವಿಲಿಯಂ ಗತ್ರಿ ಅನ್ನೋ ಅಧಿಕಾರಿ ಪ್ರಶ್ನೆ ಕೇಳ್ತಾರೆ, ಹೆಣಿಗೆಯ ಹೆಂಗಸರು ಒಬ್ಬೊಬ್ಬರಾಗಿ ಉತ್ತರ ಕೊಡ್ತಾರೆ. ಆಗ ಹೆಚ್ಚಾಗಿ ಶಾಲು, ಕಾಲುಚೀಲ, ಒಳಅಂಗಿ ಹೆಣೆಯೋ ಕಾಲ. ಶಾಲಿಗೆ ಬೆಲೆ ಕಟ್ಟೋದು ವ್ಯಾಪಾರಿ. ಆ ಬೆಲೆಗೆ ಸಿಗೋದು ಬಟ್ಟೆ, ಚಹಾಪುಡಿ, ಇಲ್ಲವೇ ಅದೇ ಅಂಗಡಿಯಲ್ಲಿ ನಡೆಯೋ ಒಂದು ಚೀಟಿ. ಮನೆಗೆ ಬೇಕಾದ್ದು ಹಿಟ್ಟು. ಆ ಅಂಗಡಿಯಲ್ಲಿ ಹಿಟ್ಟು ಕೊಡೋದಿಲ್ಲ. ಹಾಗಾಗಿ ಚಹಾಪುಡಿ ಹಿಡಕೊಂಡು ಅಕ್ಕಪಕ್ಕದವರ ಹತ್ತಿರ ಹೋಗಿ ಹಿಟ್ಟಿಗೋ ಆಲೂಗೆಡ್ಡೆಗೋ ಬದಲಾಯಿಸಿಕೊಳ್ಳಬೇಕು. ದುಡ್ಡು ಕೇಳಿದ್ದೀಯಾ ಅಂದರೆ, ಕೇಳಿದರೂ ಸಿಗಲ್ಲ ಅಂತ ಗೊತ್ತು, ಅದಕ್ಕೇ ಕೇಳಲಿಲ್ಲ ಅನ್ನೋ ಅರ್ಥದ ಉತ್ತರಗಳು.

ಅಲ್ಲಿ ನಿಲ್ಲಿಸಿದೆ. ಮುಂದೆ ಓದಲಾಗಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಮೈಸೂರು ಪ್ರವಾಸ. ನಾನೂರು ರೂಪಾಯಿ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ತಿಂಗಳ ಕೊನೆಗೆ ನಾನೂರು ರೂಪಾಯಿ ಮಿಗ್ತಾ ಇರಲಿಲ್ಲ. ಆಗ ಬಂಗಲೆಯ ಅಮ್ಮಾವ್ರು ತಮ್ಮ ಮೂವರು ಮೊಮ್ಮಕ್ಕಳಿಗೆ ಸ್ವೆಟರ್ ಹಾಕಿಕೊಡು ಅಂತ ಉಲ್ಲನ್ ಕಳಿಸಿದ್ದರು. "ಅದು ಮುಗೀಲಿ, ದುಡ್ಡು ಬರುತ್ತೆ, ಕಟ್ಟೋಣ" ಅಂದಿದ್ದಳು ಅಮ್ಮ. ಮೂರು ವಾರ ರಾತ್ರಿ ಹನ್ನೊಂದರವರೆಗೂ ಹೆಣೆದಳು. ಒಂದರ ಎದೆ ಮೇಲೆ ಎರಡು ಬಣ್ಣದ ಬಾತುಕೋಳಿ ಸಾಲು. ಕರೆಂಟು ಹೋದರೆ ಚಿಮಣಿ ದೀಪ.

ಸ್ವೆಟರ್ ಕೊಟ್ಟುಬಂದ ದಿನ ಅಮ್ಮನ ಕೈಯಲ್ಲಿ ಒಂದು ಸೀರೆ, ಎರಡು ಕೇಜಿ ಕಾಫಿಪುಡಿ ಇತ್ತು. ದುಡ್ಡು ಇರಲಿಲ್ಲ. ನಾನು ಪ್ರವಾಸಕ್ಕೆ ಹೋಗಲಿಲ್ಲ. ಅಮ್ಮನ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, "ನಿಂಗೆ ಸೀರೆನೇ ಮುಖ್ಯ ಆಯ್ತು" ಅಂತ ಅಂದುಬಿಟ್ಟಿದ್ದೆ. ಅಮ್ಮ ಏನೂ ಹೇಳಿರಲಿಲ್ಲ. ಮುಂದೆ ಆ ಮಾತು ನಮ್ಮಿಬ್ಬರ ಮಧ್ಯೆ ಮತ್ತೆ ಬಂದಿರಲಿಲ್ಲ.

ನಿದ್ದೆ ಬರದೆ ಎದ್ದು ಕೂತು ಲೆಕ್ಕ ಹಾಕಿದೆ. ಆಫೀಸಿನಲ್ಲಿ ಟೈಮ್‌ಶೀಟ್ ತುಂಬಿ ತುಂಬಿ ಅಭ್ಯಾಸ. ಈ ಸ್ವೆಟರಿಗೂ ಮೊದಲ ದಿನದಿಂದ ಎಕ್ಸೆಲ್ ಶೀಟ್ ಇಟ್ಟಿದ್ದೆ, ತಮಾಷೆಗೆ. ಅಲ್ಲಿಗೆ 118 ಗಂಟೆ, ಬಣ್ಣದ ಕೆಲಸ ಬಿಟ್ಟು. ಆ ವರ್ಷ, 2024ರಲ್ಲಿ, ಬ್ರಿಟನ್ನಿನಲ್ಲಿ 21 ದಾಟಿದವರಿಗೆ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್. ಗುಣಿಸಿದರೆ 1,350 ಪೌಂಡ್. ನಮ್ಮ ದುಡ್ಡಿನಲ್ಲಿ ಸುಮಾರು ಒಂದೂವರೆ ಲಕ್ಷ. ಒಂದು ಸ್ವೆಟರಿಗೆ! ಆ ಬೆಲೆಗೆ ಯಾರೂ ಕೊಳ್ಳೋದಿಲ್ಲ. ಹಾಗಾದರೆ ಇಷ್ಟು ವರ್ಷ ಜಗತ್ತಿನಲ್ಲಿ ಕೈಯಿಂದ ಹೆಣೆದ ಸ್ವೆಟರುಗಳ ಬೆಲೆಯಲ್ಲಿ ಕಮ್ಮಿಯಾಗ್ತಾ ಬಂದಿದ್ದು ಯಾವುದು? ಉಲ್ಲನ್ನಿನದ್ದಲ್ಲ. ಅಂಗಡಿಯವನ ಲಾಭದ್ದೂ ಅಲ್ಲ. ಹೆಣೆದವಳ ಗಂಟೆಗಳದ್ದು. ಅದಕ್ಕೆ ನಾವೆಲ್ಲ ಚೆಂದದ ಹೆಸರು ಇಟ್ಟಿದ್ದೀವಿ. ಹವ್ಯಾಸ, ಬಿಡುವಿನ ಕೆಲಸ, "ಟೈಂಪಾಸಿಗೆ ಏನೋ ಹಾಕ್ತಾಳೆ".

ಕತ್ತರಿ

ಮರುದಿನ ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ ಸ್ವೆಟರ್ ಹರಡಿದೆ. ಮನೆಯೊಡತಿ ಕನ್ನಡಕ ಹಾಕಿಕೊಂಡು ಒಳಗೆ ಹೊರಗೆ ನೋಡಿದರು.

ಇದಕ್ಕೆ ಸ್ಟೀಕ್ ಅಂತಾರೆ. ಡಿಸೈನ್ ಯಾವಾಗಲೂ ಕಣ್ಣೆದುರು ಇರಲಿ ಅಂತ ಇಡೀ ಸ್ವೆಟರನ್ನು ಕೊಳವೆಯ ಹಾಗೆ ಸುತ್ತು ಸುತ್ತಾಗಿ ಹೆಣೆಯುತ್ತಾರೆ. ಮುಂದೆ ತೆರೆಯಬೇಕಾದ ಜಾಗದಲ್ಲಿ ಹತ್ತು ಕುಣಿಕೆ ಹೆಚ್ಚಿಗೆ ಬಿಟ್ಟಿರುತ್ತಾರೆ. ಕೊನೆಗೆ ಅದರ ನಡುವೆ ಕತ್ತರಿ. ಬೇರೆ ನುಣುಪು ನೂಲಾದರೆ ಸರಸರ ಬಿಚ್ಚಿಕೊಂಡುಬಿಡುತ್ತೆ. ಶೆಟ್‌ಲ್ಯಾಂಡ್ ಉಣ್ಣೆಯ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳೋ ಜಾತಿ. ಕತ್ತರಿಸಿದರೂ ಕುಣಿಕೆ ಕೈ ಬಿಡೋದಿಲ್ಲ.

ಇದೆಲ್ಲ ಓದಿ ಗೊತ್ತಿತ್ತು. ಆದರೂ ಕೈ ನಡುಗಿತು. ಬ್ಯಾಕಪ್ ಇಲ್ಲದ ಸರ್ವರಿನಲ್ಲಿ ಡಿಲೀಟ್ ಒತ್ತೋ ಹಾಗೆ.

"ಯಾರಿಗೆ ಇದು?" ಅಂತ ಕೇಳಿದರು.

"ಅಮ್ಮನಿಗೆ."

"ಅವರಿಗೂ ಹೆಣಿಗೆ ಬರುತ್ತಾ?"

"ನನಗಿಂತ ಚೆನ್ನಾಗಿ."

"ಹಾಗಾದ್ರೆ ತಪ್ಪು ಎಲ್ಲಿದೆ ಅಂತ ಅವರಿಗೆ ಗೊತ್ತಾಗೇ ಆಗುತ್ತೆ. ಹೆದರಿ ಏನು ಪ್ರಯೋಜನ? ಕತ್ತರಿಸು."

ಕೆಳಗಿನಿಂದ ಶುರು ಮಾಡಿದೆ. ಕರ್‌ಕರ್ ಅಂತ ಸಣ್ಣ ಸದ್ದು. ಒಂದೊಂದೇ ಅಡ್ಡ ಎಳೆ ತುಂಡಾಗ್ತಾ ಬಂತು. ನನ್ನ ನಾಲ್ಕು ತಿಂಗಳ ಸಂಜೆಗಳು, ಈರುಳ್ಳಿಯ ಬಂಗಾರ, ಇಂಡಿಯಾದ ನೀಲಿ, ಕಾವು ಜಾಸ್ತಿಯಾದ ಮಂಜಿಷ್ಠ. ಕುತ್ತಿಗೆವರೆಗೆ ಬಂದಾಗ ಸ್ವೆಟರ್ ಬಾಗಿಲ ಹಾಗೆ ಎರಡು ಕಡೆ ತೆರೆದುಕೊಂಡಿತು. ಒಂದು ಕುಣಿಕೆಯೂ ಜಾರಲಿಲ್ಲ. ಮನೆಯೊಡತಿ ಕೆಟಲ್ ಆನ್ ಮಾಡಲು ಎದ್ದರು.

ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಸ್ವೆಟರ್ ತೋರಿಸಿದೆ. ಕ್ಯಾಮೆರಾ ಹತ್ತಿರ ಹಿಡಿ ಅಂದಳು. "ಎಡಗಡೆ ತೋಳು ಕಂದಾಗಿದೆ, ಬಲಗಡೆದು ಕೆಂಪಿದೆ." ಹೌದಮ್ಮ, ಎರಡನೇ ಸಲದ ಬಣ್ಣ ಅಂದೆ. "ಇರ್ಲಿ ಬಿಡು. ಯಾರ್ ನೋಡ್ತಾರೆ?"

ಆಮೇಲೆ ಕೇಳಿದೆ. "ಅಮ್ಮ, ಬಂಗಲೆಯವರ ಮೂರು ಸ್ವೆಟರ್ ಹಾಕಿದ್ಯಲ್ಲ. ಆವಾಗ ದುಡ್ಡು ಯಾಕೆ ಕೇಳ್ಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೇಳ್ಬೇಕು ಅಂತಲೇ ಹೋಗಿದ್ದೆ ಪುಟ್ಟ. ದಾರೀಲಿ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಅಮ್ಮಾವ್ರು ಸೀರೆ ಮಡಿಲಿಗಿಟ್ಟು ಕುಂಕುಮ ಕೊಟ್ರು. ಆಮೇಲ್ ಹೆಂಗ್ ಕೇಳದು? ನಿಮ್ಮಪ್ಪನ ಕೆಲ್ಸ ಅವ್ರ ಕೈಲಿ."

"ಆ ಸೀರೆ ಏನ್ಮಾಡ್ದೆ?"

"ಇದೆ, ಟ್ರಂಕಲ್ಲಿ. ಬಣ್ಣನೇ ಸೇರ್ಲಿಲ್ಲ ನಂಗೆ. ಮಾರಿದ್ರೆ ಮಾತು ಬರುತ್ತೆ, ಉಟ್ರೆ ನಿನ್ ಮುಖ ನೆನಪಾಗುತ್ತೆ. ಹಂಗೇ ಇಟ್ಟಿದೀನಿ."

ಹದಿನೆಂಟು ವರ್ಷ ತಡವಾಗಿ ಕ್ಷಮೆ ಕೇಳಿದೆ. "ಅಯ್ಯೋ, ಅದ್ನೆಲ್ಲ ಯಾಕೆ ಈಗ" ಅಂದಳು. ಆದರೆ ಫೋನ್ ಇಡಲಿಲ್ಲ. ಬಾತುಕೋಳಿಯ ಡಿಸೈನ್ ಗ್ರಾಫ್ ಪುಸ್ತಕದಲ್ಲಿ ಹೇಗೆ ತೆಗೆದೆ, ಕೊಕ್ಕಿಗೆ ಮೂರು ಚೌಕ ಸಾಕೋ ನಾಲ್ಕು ಬೇಕೋ ಅಂತ ಎರಡು ದಿನ ಯೋಚಿಸಿದ್ದು, ಕೊನೆಗೆ ಬಿಚ್ಚಿ ಮತ್ತೆ ಹಾಕಿದ್ದು, ಎಲ್ಲ ಹೇಳಿದಳು. ಮುಕ್ಕಾಲು ಗಂಟೆ. ತನ್ನ ಕೆಲಸದ ಬಗ್ಗೆ ಅಮ್ಮ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಹೋಗೋ ಆಸೆ ಇರುವವರಿಗೆ ಎರಡು ಮಾತು. ಅಬರ್ಡೀನಿನಿಂದ ರಾತ್ರಿ ಹಡಗು ಇದೆ, ವಿಮಾನವೂ ಇದೆ. ಹಡಗಾದರೆ ವಾಂತಿ ಮಾತ್ರೆ ಮರೆಯಬೇಡಿ. ಸೆಪ್ಟೆಂಬರ್ ಕೊನೆಗೆ ಶೆಟ್‌ಲ್ಯಾಂಡ್ ಉಲ್ ವೀಕ್ ಶುರುವಾಗುತ್ತೆ, 2010ರಿಂದ ನಡೀತಿದೆ. ಆಗ ಹೆಣಿಗೆಯ ತರಗತಿಗಳು ಸಿಗುತ್ತವೆ, ಆದರೆ ರೂಮು ಸಿಗೋದು ಕಷ್ಟ, ಬಹಳ ಮೊದಲೇ ಬುಕ್ ಮಾಡಿ. ಪಫಿನ್ ಹಕ್ಕಿ ನೋಡಬೇಕು ಅಂದರೆ ಜೂನ್, ಜುಲೈನಲ್ಲಿ ಹೋಗಿ. ಕೈಯಿಂದ ಹೆಣೆದ ಏನನ್ನಾದರೂ ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ. ಅಲ್ಲಿ ಅಂತ ಅಲ್ಲ, ಎಲ್ಲೂ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಸ್ವೆಟರ್ ಕೊಟ್ಟೆ. ಗುಂಡಿಪಟ್ಟಿ, ಕೊನೆಯ ಎಳೆಗಳೆಲ್ಲ ಸೇರಿ 126 ಗಂಟೆ ಆಗಿತ್ತು. ಅಮ್ಮ ಹಾಕಿಕೊಂಡು ಕನ್ನಡಿ ನೋಡಲಿಲ್ಲ, ಒಳಗಡೆ ತಿರುಗಿಸಿ ಹಿಂದಿನ ಎಳೆಗಳನ್ನು ನೋಡಿದಳು. "ಇಲ್ಲಿ ಬಿಗಿ ಮಾಡಿದೀಯ" ಅಂದಳು. ಮರುದಿನ ಬೆಳಿಗ್ಗೆ ಹಾಲಿನ ಡೈರಿಗೆ ಅದನ್ನೇ ಹಾಕಿಕೊಂಡು ಹೋದಳು. ಪಕ್ಕದ ಮನೆ ಆಂಟಿ, "ಚೆನ್ನಾಗಿದೆ, ನಮ್ಮ ಮೊಮ್ಮಗಳಿಗೂ ಒಂದು ಹಾಕ್ಕೊಡಿ" ಅಂದರಂತೆ.

"ಏನಂದೆ?" ಅಂತ ಕೇಳಿದೆ.

"ಹಾಕ್ಕೊಡ್ತೀನಿ, ಉಲ್ಲನ್ ಬಿಟ್ಟು ಎರಡು ಸಾವ್ರ ಆಗುತ್ತೆ ಅಂದೆ" ಅಂದಳು ಅಮ್ಮ. ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.